‘ಆಮೇಲೆ’ಗೆ ಪ್ರಶ್ನೆಚಿಹ್ನೆ ಹಾಕಿದ ಮೇಡಂ

ಸ್ಥಳೀಯ ಆಡಳಿತದ ಹಣಕಾಸು ಎನ್ನುವುದು ಹೆಸರು ಮಾಡುವ ಕ್ಷೇತ್ರವಲ್ಲ. ಸೇತುವೆ ಕಟ್ಟಿದ ಎಂಜಿನಿಯರರ ಹೆಸರು ಕಲ್ಲಿನ ಮೇಲೆ ಬರುತ್ತದೆ, ಉದ್ಯಾನ ಮಾಡಿಸಿದ ಸದಸ್ಯರ ಹೆಸರು ಗೇಟಿನ ಮೇಲೆ ಬರುತ್ತದೆ, ಆ ಎರಡಕ್ಕೂ ಹಣ ಹೊಂದಿಸಿದವರ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ. ಅಪ್ಪಿತಪ್ಪಿ ಬಂದರೆ ಬೈಗುಳದಲ್ಲಿ ಬರುತ್ತದೆ. “ನಾವೇನೋ ಮಾಡಿಬಿಡ್ತಿದ್ವಿ, ಆ ಲೆಕ್ಕದೋರು ಬಿಡಲಿಲ್ಲ ಕಣ್ರೀ” ಎಂಬ ಮಾತು ಕೇಳಿಸದ ನಗರಸಭೆ ಇರಲಿಕ್ಕಿಲ್ಲ. ಅಂಥ ಕ್ಷೇತ್ರದಿಂದ ಒಬ್ಬರು ನಿವೃತ್ತರಾದಾಗ ಒಳಚರಂಡಿಯವರು, ಹೆರಿಗೆ ಆಸ್ಪತ್ರೆಯವರು, ಅಗ್ನಿಶಾಮಕದವರು, ಅಂದರೆ ಅವರಿಂದ ‘ಇಲ್ಲ’ ಎನ್ನಿಸಿಕೊಂಡವರೆಲ್ಲ ತಾವಾಗಿ ಕೂಡಿ ಅಭಿನಂದನ ಗ್ರಂಥ ತರುತ್ತಿದ್ದಾರೆ ಎಂದರೆ, ಅದು ನಮ್ಮ ವೃತ್ತಿಗೆ ಸಂದ ಅಪರೂಪದ ಗೌರವ ಎಂದೇ ನಾನು ತಿಳಿದಿದ್ದೇನೆ.

ನಮ್ಮ ನಗರಸಭೆಯ ಮುಖ್ಯ ಲೆಕ್ಕಾಧಿಕಾರಿಗಳಾಗಿದ್ದ ನಮ್ಮ ಮೇಡಂ ಆ ಗೌರವಕ್ಕೆ ಪಾತ್ರರು. ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯಳಾದ ನನ್ನನ್ನು ಸಂಪಾದಕ ಮಂಡಳಿಯವರು ಈ ಲೇಖನಕ್ಕೆ ಏಕೆ ಆರಿಸಿದರೋ ಗೊತ್ತಿಲ್ಲ. ಕೇಳಿದ್ದಕ್ಕೆ, “ನೀನು ಮಾತಾಡಿದಷ್ಟೇ ಸ್ಪೀಡಾಗಿ ಟೈಪ್ ಮಾಡ್ತೀಯ, ಬೇರೆಯೋರು ಮಾಡಿದ್ರೆ ಪುಸ್ತಕ ಮೇಡಂ ನೂರನೇ ವರ್ಷಕ್ಕೆ ಬರುತ್ತೆ” ಎಂದರು. ಅಷ್ಟು ಸ್ಪೀಡಿನವಳೂ ಲೇಖನ ತಡಮಾಡಿಯೇ ಕೊಡುತ್ತಿದ್ದೇನೆ, ಅದಕ್ಕೆ ಕ್ಷಮೆಯಿರಲಿ. ತಡವಾದದ್ದರಿಂದ ಒಂದು ಲಾಭವೂ ಆಯಿತು, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೇಡಂ ಅವರಿಗೆ ಊರಿನಲ್ಲಿ ‘ಆಮೇಲೆ ಮೇಡಂ’ ಎಂದು ಹೆಸರು. ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವ ಕಚೇರಿಗೇ ಹೋಗಿ, ‘ಆಮೇಲೆ’ ಎನ್ನುವ ಪದ ಬಾಗಿಲಲ್ಲೇ ಸಿಗುತ್ತದೆ. ಆಮೇಲೆ ಬನ್ನಿ, ಆಮೇಲೆ ನೋಡೋಣ, ಸಾಹೇಬರು ಆಮೇಲೆ ಬರ್ತಾರೆ. ಅಲ್ಲಿ ಆಮೇಲೆ ಎಂದರೆ ಪೂರ್ಣವಿರಾಮ, ನಯವಾಗಿ ಹಾಕಿದ ಚಿಲಕ. ಆದರೆ ಕಥೆ ಕೇಳುವ ಮಗು ಅಜ್ಜಿಯ ಮೊಣಕೈ ಜಗ್ಗಿ “ಆಮೇಲೆ?” ಎನ್ನುವುದೂ ಅದೇ ಪದ. ಅಲ್ಲಿ ಅದು ಚಿಲಕ ತೆಗೆಯುತ್ತದೆ. ನಮ್ಮ ಮೇಡಂ ತಮ್ಮ ಸೇವೆಯ ಉದ್ದಕ್ಕೂ ಮಾಡಿದ್ದು ಇಷ್ಟೇ ಎಂದು ನನಗನ್ನಿಸುತ್ತದೆ: ಕಚೇರಿಯ ಆಮೇಲೆಯನ್ನು ತೆಗೆದು ಮಗುವಿನ ಆಮೇಲೆಯನ್ನು ಇಟ್ಟರು. ನಾವು ಯಾರೇ ಹೋಗಿ “ಮೇಡಂ, ಇದಕ್ಕೆ ಬಜೆಟ್ಟಿನಲ್ಲಿ ಅವಕಾಶವಿಲ್ಲ” ಎಂದರೂ ಅವರು ಕನ್ನಡಕದ ಮೇಲಿಂದ ನೋಡಿ “ಆಮೇಲೆ?” ಎನ್ನುತ್ತಿದ್ದರು. ಇಲ್ಲ ಎಂದೆಯಲ್ಲ, ಸರಿ, ಅಲ್ಲಿಂದ ಮುಂದೆ ಏನು ಎಂದು ಅದರ ಅರ್ಥ. ಆ ಪ್ರಶ್ನೆಗೆ ಉತ್ತರ ಇಲ್ಲದವರು ಅವರ ಮೇಜಿನ ಮುಂದೆ ನಿಂತೇ ಇರಬೇಕಾಗುತ್ತಿತ್ತು. ಕೂರಿ ಅಂತಲೂ ಹೇಳುತ್ತಿರಲಿಲ್ಲ, ಹೋಗಿ ಅಂತಲೂ ಹೇಳುತ್ತಿರಲಿಲ್ಲ.

ಈ ಪ್ರಶ್ನೆ ಅವರಿಗೆ ಎಲ್ಲಿಂದ ಬಂತು ಎಂದು ತಿಳಿಯಲು ನಾನು ಅವರ ಮನೆಗೇ ಹೋದೆ. ಅವರ ಯಜಮಾನರು ದರ್ಜಿಗಳು, ಮಾರುಕಟ್ಟೆಯ ಹಿಂದಿನ ರಸ್ತೆಯ ಆ ಮನೆಯ ಮುಂಭಾಗವೇ ಅವರ ಅಂಗಡಿ. ಪ್ರಶ್ನೆ ಕೇಳಿ ಅವರು ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು ನಕ್ಕರು. “ಅದು ನನ್ನ ಸೊತ್ತಮ್ಮ, ಅವಳು ಆಫೀಸಿಗೆ ಎತ್ಕೊಂಡು ಹೋದ್ಲು. ಬಟ್ಟೆ ಕಮ್ಮಿ ಅಂದ ತಕ್ಷಣ ಹೊಲಿಯಲ್ಲ ಅಂದ್ರೆ ಗಿರಾಕಿ ಎದುರಿನ ಅಂಗಡಿಗೆ ಹೋಗ್ತಾನೆ. ತೋಳು ಗಿಡ್ಡ ಮಾಡ್ಲಾ, ಜೇಬು ಬಿಡ್ಲಾ ಅಂತ ಕೇಳಬೇಕು. ಮದುವೆಯಾದ ಹೊಸದ್ರಲ್ಲಿ ಅಂಗಡೀಲಿ ಕೂತು ಇದನ್ನೇ ನೋಡ್ತಿದ್ಲು.” ಒಳಗಿನಿಂದ ಮೇಡಂ ಅವರ ಅಕ್ಕ ಕೂಗಿ ಹೇಳಿದರು: “ಅವನ ಮಾತು ನಂಬಬೇಡ. ಚಿಕ್ಕೋಳಿದ್ದಾಗ್ಲೇ ಹಾಗೆ ಅವಳು. ಅಮ್ಮ ಬೆಲ್ಲ ಮುಗೀತು ಅಂದ್ರೆ, ಸಕ್ಕರೆ ಡಬ್ಬ ಎಲ್ಲಿ ಅನ್ನೋಳು.” ಇಬ್ಬರಲ್ಲಿ ಯಾರ ಮಾತು ನಿಜವೋ ನನಗೆ ತೀರ್ಮಾನಿಸಲಾಗಲಿಲ್ಲ. ಎರಡನ್ನೂ ಬರೆದಿದ್ದೇನೆ, ಆಡಿಟ್‌ನವರು ಬೇಕಾದರೆ ಆಕ್ಷೇಪಣೆ ಹಾಕಲಿ.

ಅವರು ಸೇವೆಗೆ ಸೇರಿದ್ದು ತೆರಿಗೆ ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ, ಕಿರಿಯ ಗುಮಾಸ್ತೆಯಾಗಿ. ಅಲ್ಲಿಂದ ಲೆಕ್ಕಪತ್ರ ಶಾಖೆಗೆ ಬಂದ ಹೊಸತರಲ್ಲಿ, ಮೇಲಧಿಕಾರಿಗೆ ಜ್ವರ ಬಂದದ್ದರಿಂದ ಸಮಿತಿಯ ಸಭೆಗೆ ಇವರನ್ನು ಕಳಿಸಿದರಂತೆ. ಆ ದಿನದ ಕಥೆಯನ್ನು ಅವರು ನಮಗೆ ಅದೆಷ್ಟು ಸಲ ಹೇಳಿದ್ದಾರೋ. ಬೀದಿದೀಪದ ಖರ್ಚಿನ ಪುಟ ಬಂದಾಗ ಹಿರಿಯ ಸದಸ್ಯರೊಬ್ಬರು ಕೇಳಿದರು: “ನಮ್ಮ ಓಣಿ ದೀಪ ಉರಿಯುತ್ತಾ ಇಲ್ವಾ, ಅಷ್ಟು ಹೇಳಮ್ಮ.” ಮೇಡಂ ಎದ್ದು ನಿಂತು ಲೆಕ್ಕದ ಶೀರ್ಷಿಕೆ, ಉಪಶೀರ್ಷಿಕೆ, ಪುಟದ ಸಂಖ್ಯೆ ಎಲ್ಲ ಹೇಳಿದರು. ಸದಸ್ಯರು ಇನ್ನೊಮ್ಮೆ ಕೇಳಿದರು. ಮೇಡಂ ಅದನ್ನೇ ಇನ್ನೂ ಸ್ಪಷ್ಟವಾಗಿ, ದಶಮಾಂಶದ ಸಮೇತ ಹೇಳಿದರು. ಆಗ ಆ ಹಿರಿಯರು ಪಕ್ಕದವರ ಕಡೆ ತಿರುಗಿ, “ಪಾಪ, ಲೆಕ್ಕ ಬರುತ್ತೆ, ಮಾತು ಬರಲ್ಲ” ಎಂದರಂತೆ. ಅಣಕಿಸಿದ್ದಲ್ಲ, ನಿಜವಾಗಿ ಮರುಕಪಟ್ಟು ಹೇಳಿದ್ದು, ಅದಕ್ಕೇ ಅದು ನಾಟಿತು ಎನ್ನುತ್ತಿದ್ದರು ಮೇಡಂ. ಸಭೆ ಮುಗಿಸಿ ಹೊರಬಂದವರು ನೇರವಾಗಿ ಆ ಓಣಿಗೆ ಹೋಗಿ ಕತ್ತಲಾಗುವವರೆಗೆ ನಿಂತು, ಯಾವ ಕಂಬ ಉರಿಯುತ್ತದೆ ಯಾವುದು ಇಲ್ಲ ಎಂದು ನೋಡಿಕೊಂಡು ಬಂದರು. ಲೆಕ್ಕಕ್ಕೆ ನಾಲಿಗೆಯೂ ಬೇಕು, ಕಾಲೂ ಬೇಕು ಎನ್ನುವುದನ್ನು ಅವರು ಯಾವ ತರಬೇತಿಯಲ್ಲೂ ಕಲಿಯಲಿಲ್ಲ.

ಮುಂದೆ ಅವರೇ ವಿಭಾಗದ ಮುಖ್ಯಸ್ಥರಾದಾಗ ಮೂರು ಪದ್ಧತಿ ತಂದರು. ಸುತ್ತೋಲೆ ಹೊರಡಿಸಿ ತಂದದ್ದಲ್ಲ, ಸುಮ್ಮನೆ ಮಾಡುತ್ತಾ ಹೋದರು. ಮೊದಲನೆಯದು, ‘ಇಲ್ಲ’ ಎನ್ನುವುದನ್ನು ಫೈಲಿನಲ್ಲಿ ಬರೆದು ಕಳಿಸುವಂತಿಲ್ಲ. ಬರೆಯಬೇಕು, ನಿಯಮವಲ್ಲವೆ, ಆದರೆ ಫೈಲು ಹೊರಡುವ ಮೊದಲು ಬರೆದವರೇ ಕೇಳಿದವರ ಬಳಿಗೆ ನಡೆದು ಹೋಗಿ ಮುಖ ನೋಡಿ ಹೇಳಿ ಬರಬೇಕು. “ಹೌದು ಅನ್ನೋದನ್ನ ಅಂಚೇಲಿ ಕಳಿಸಿ ಪರವಾಗಿಲ್ಲ. ಇಲ್ಲ ಅನ್ನೋದಕ್ಕೆ ಕಾಲು ಸವೆಸಿ” ಎನ್ನುತ್ತಿದ್ದರು. ಎರಡನೆಯದು, ವಾರದ ಸಭೆಯಲ್ಲಿ ಅವರ ಕುರ್ಚಿಯಲ್ಲಿ ಅವರು ಕೂರುತ್ತಿರಲಿಲ್ಲ. ಸರದಿಯ ಪ್ರಕಾರ ನಮ್ಮಲ್ಲೊಬ್ಬರು ಅಲ್ಲಿ ಕೂತು ಸಭೆ ನಡೆಸಬೇಕು, ಮೇಡಂ ಬಾಗಿಲ ಪಕ್ಕ ಪ್ರಿಂಟರಿನ ಹತ್ತಿರದ ಸ್ಟೂಲಿನ ಮೇಲೆ ಕೂತು ತಮ್ಮ ಸರದಿ ಬಂದಾಗ ಕೈ ಎತ್ತಿ ಮಾತಾಡುತ್ತಿದ್ದರು. ಮೂರನೆಯದು, ನಮ್ಮನ್ನು ಬೇರೆ ವಿಭಾಗಗಳಿಗೆ ‘ಅಳಿಯತನಕ್ಕೆ’ ಕಳಿಸುವುದು. ಹೆಸರು ಅವರೇ ಇಟ್ಟದ್ದು. ಒಂದು ವಾರ ಆ ವಿಭಾಗದವರ ಜೊತೆ ಇರಬೇಕು, ಅವರು ಹೇಳಿದ ಕೆಲಸ ಮಾಡಬೇಕು, ಹಣದ ಮಾತು ಎತ್ತುವಂತಿಲ್ಲ. ನಾನು ಚರಂಡಿ ಹೂಳು ತೆಗೆಯುವವರ ಲಾರಿಯಲ್ಲಿ ಒಂದು ವಾರ ಅಳಿಯತನ ಮಾಡಿ ಬಂದೆ. ಅಳಿಯನಿಗೆ ಸಿಗುವ ಉಪಚಾರ ಏನೂ ಸಿಗಲಿಲ್ಲ. ಆದರೆ ಆಮೇಲೆ ಅವರ ಗಂಬೂಟಿನ ಬೇಡಿಕೆ ಬಂದಾಗ, ಅದನ್ನು ಇತರೆ ಖರ್ಚು ಎನ್ನುವ ಸಾಲಿನಲ್ಲಿ ಕಡೆಗೆ ತಳ್ಳಲು ನನ್ನ ಕೈ ಏಳಲಿಲ್ಲ.

ನಾನು ಸೇರಿದ ದಿನ ಅವರ ಮುಂದೆ ನನ್ನ ಓದು, ಆಸೆ, ಸ್ಥಳೀಯ ಸಂಸ್ಥೆಗಳ ಹಣಕಾಸು ಸುಧಾರಣೆಗೆ ನನ್ನಲ್ಲಿದ್ದ ಯೋಜನೆಗಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ್ದೆ. ಮುಗಿಯುವವರೆಗೆ ಕೇಳಿ, “ಏ ರೈಲೇ, ಸ್ಟೇಷನ್ ಬಂತು, ನಿಲ್ಲು” ಎಂದರು. ಆ ಹೊತ್ತಿನಿಂದ ನಾನು ರೈಲು. ಒಮ್ಮೆ ನನ್ನ ಸಂಜೆ ಕಾಲೇಜಿನ ಪರೀಕ್ಷೆ ಮತ್ತು ವರ್ಷಾಂತ್ಯದ ಲೆಕ್ಕ ಮುಗಿಸುವ ಕೆಲಸ ಒಟ್ಟೊಟ್ಟಿಗೆ ಬಂದವು. ರಜೆ ಕೇಳಲು ನನಗೆ ಧೈರ್ಯವಿರಲಿಲ್ಲ, ಅವರೂ ಏನೂ ಹೇಳಲಿಲ್ಲ. ಪರೀಕ್ಷೆ ಮುಗಿಸಿ ಓಡಿ ಬಂದರೆ ನನ್ನ ಮೇಜಿನ ಕೆಲಸ ಅರ್ಧ ಮುಗಿದಿತ್ತು, ಕುರ್ಚಿಗೆ ಒಂದು ಚೀಟಿ ಅಂಟಿಸಿತ್ತು: ‘ರೈಲು ತಡವಾಗಿ ಬರುತ್ತದೆ, ಪ್ರಯಾಣಿಕರು ಸಹಕರಿಸಬೇಕು.’ ಮುಖ್ಯ ಲೆಕ್ಕಾಧಿಕಾರಿಗಳು ಕಿರಿಯ ಸಹಾಯಕಿಯ ಮೇಜಿನಲ್ಲಿ ಕೂತು ವೋಚರು ಜೋಡಿಸಿದ್ದರು. ಧನ್ಯವಾದ ಹೇಳಲು ಹೋದರೆ, “ಥ್ಯಾಂಕ್ಸ್ ಎಲ್ಲ ಬೇಡ, ಪಾಸಾಗು” ಎಂದರು. ಪಾಸಾದೆ.

ಇನ್ನು ನಮ್ಮ ಮೆತ್ತಣ್ಣನವರ ವಿಷಯಕ್ಕೆ ಬರಬೇಕು. ಅವರ ಕಥೆ ಹೇಳದೆ ಮೇಡಂ ಅವರನ್ನು ಅಭಿನಂದಿಸುವುದು ಉಪ್ಪಿಲ್ಲದ ಅಡುಗೆ.

ಮೆತ್ತಣ್ಣ ನಮ್ಮ ಉಪ ಲೆಕ್ಕಾಧಿಕಾರಿಗಳು. ಅತಿ ಮೆತ್ತಗೆ ಮಾತಾಡುತ್ತಾರೆ, ಅದಕ್ಕೆ ಆ ಹೆಸರು. ಅವರು ಗುಡ್ ಮಾರ್ನಿಂಗ್ ಹೇಳಿದ್ದಾರೆಂದು ತುಟಿ ನೋಡಿ ತಿಳಿಯಬೇಕು. ಅವರಷ್ಟು ಲೆಕ್ಕ ಬಲ್ಲವರು ನಮ್ಮಲ್ಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು; ಮೇಡಂ ನಂತರ ಆ ಕುರ್ಚಿ ಅವರದೇ ಎನ್ನುವುದು ನಮಗೆಲ್ಲ ಗೊತ್ತಿತ್ತು, ಆಯುಕ್ತರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ನಿವೃತ್ತಿಗೆ ಕೆಲವೇ ತಿಂಗಳು ಇರುವಾಗ ಆಯುಕ್ತರು ಮೇಡಂ ಅವರನ್ನು ಕರೆದು, “ನಿಮ್ಮ ಮೆತ್ತಣ್ಣ ಲೆಕ್ಕಕ್ಕೆ ಚಿನ್ನ. ಆದ್ರೆ ಆ ಕುರ್ಚಿಗೆ ಬಾಯಿ ಬೇಕಲ್ಲ. ಹೊರಗಡೆಯಿಂದ ಒಬ್ಬ ಆಡಳಿತಗಾರರನ್ನ ಕಳಿಸಿ ಅಂತ ಮೇಲಕ್ಕೆ ಬರೀತಿದೀನಿ” ಎಂದರು. ಹೊರಗಿನಿಂದ ಬರುವವರು ಕೆಟ್ಟವರೆಂದಲ್ಲ. ಆದರೆ ಅವರು ಬಂದರೆ ಲೆಕ್ಕದವರಿಗೆ ಲೆಕ್ಕ ಮಾತ್ರ ಬರುತ್ತದೆ, ಮುಂದೆ ನಿಂತು ನಡೆಸಲು ಬರುವುದಿಲ್ಲ ಎಂಬ ಹಳೆಯ ಮಾತಿಗೆ ನಮ್ಮ ಕಚೇರಿಯೇ ಮೊಹರು ಹಾಕಿದಂತಾಗುತ್ತಿತ್ತು. ಮೇಡಂ ಇಷ್ಟು ವರ್ಷ ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಸ್ಟೂಲಿನ ಮೇಲೆ ಕೂತದ್ದೆಲ್ಲ ಆಟವಾಗಿಬಿಡುತ್ತಿತ್ತು. ಮೆತ್ತಣ್ಣನವರಂತೂ ಉಪ ಎಂಬ ಪದದ ಜೊತೆಗೇ ಮನೆಗೆ ಹೋಗಬೇಕಾಗುತ್ತಿತ್ತು. ಮೇಡಂ ಜಗಳವಾಡಲಿಲ್ಲ. “ಬಜೆಟ್ ಸಭೆ ತನಕ ಪತ್ರ ಕಳಿಸಬೇಡಿ ಸರ್. ಈ ಸಲ ಅವರೇ ಮಂಡಿಸ್ತಾರೆ. ನೋಡಿ, ಆಮೇಲೆ ಕಳಿಸಿ” ಎಂದು ಕೇಳಿಕೊಂಡರು. ಆಯುಕ್ತರು ಒಪ್ಪಿದರು.

ಅದೇ ದಿನಗಳಲ್ಲಿ ಹೆರಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಯಂತ್ರ ಕೆಟ್ಟು ಕೂತಿತು. ಹೊಸದು ಬೇಕೆಂದು ಅಲ್ಲಿಯ ಮುಖ್ಯ ನರ್ಸ್, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುವವರು, ಬೇಡಿಕೆ ಕಳಿಸಿದರು. ಮೆತ್ತಣ್ಣ ಲೆಕ್ಕ ನೋಡಿ ಅವಕಾಶವಿಲ್ಲ ಎಂದು ಬರೆದರು. ಮೇಡಂ ಫೈಲು ಮುಚ್ಚಿ, “ಹೋಗಿ ಹೇಳಿ ಬನ್ನಿ” ಎಂದರು. ಜೊತೆಗೆ ನಾನೂ ಹೋಗುತ್ತೇನೆ, ಅವರ ಧ್ವನಿ ಕೇಳಿಸುವುದಿಲ್ಲ ಎಂದು ನಾನು ಎದ್ದೆ. “ಹೋಗು, ಬಾಯಿ ಇಲ್ಲೇ ಬಿಟ್ಟು ಹೋಗು” ಎಂದರು.

ಆಸ್ಪತ್ರೆಯ ಮೆಟ್ಟಿಲ ಕಟಕಟೆಯ ಮೇಲೆಲ್ಲ ಒದ್ದೆ ಬೆಡ್‌ಶೀಟು ಹರವಿತ್ತು. ಹಿಂದಿನ ನಲ್ಲಿಯ ಬಳಿ ಬಾಣಂತಿಯರ ಮನೆಯವರು ಸಾಲಾಗಿ ಕೂತು ತಾವೇ ಒಗೆಯುತ್ತಿದ್ದರು. ದೊಡ್ಡ ಸಿಸ್ಟರ್ ಬಕೆಟ್ ಹಿಡಿದು ಎದುರಿಗೇ ಸಿಕ್ಕರು.

“ಲೆಕ್ಕದೋರಾ? ದಾರಿ ತಪ್ಪಿ ಬಂದ್ರಾ?”

“ಈ ವರ್ಷ ಯಂತ್ರಕ್ಕೆ ಇಲ್ಲ ಸಿಸ್ಟರ್. ಅದನ್ನ ಹೇಳೋಕೆ ಬಂದೆ” ಎಂದರು ಮೆತ್ತಣ್ಣ.

“ಏನಂದ್ರಿ?”

“ಇಲ್ಲ ಅಂದೆ.”

“ಇಲ್ಲ ಅನ್ನೋಕೆ ಇಷ್ಟು ದೂರ ಬಂದ್ರಾ? ಫೋನ್ ಇರಲಿಲ್ವಾ?”

“ಫೋನಲ್ಲಿ ನನ್ನ ಮಾತು ಕೇಳಿಸಲ್ಲ.”

ಸಿಸ್ಟರ್‌ಗೆ ಕೋಪದ ನಡುವೆಯೂ ನಗು ಬಂತು. ನಕ್ಕ ತಪ್ಪಿಗೆ ಇನ್ನೂ ಸಿಟ್ಟಾಗಿ, ಬಕೆಟ್ಟಿನಿಂದ ಒಂದು ಶೀಟು ತೆಗೆದು ಅದರ ಒಂದು ತುದಿಯನ್ನು ಅವರ ಕೈಗೆ ಕೊಟ್ಟರು. “ಬಂದಿದೀರಲ್ಲ, ಹಿಂಡಿ.” ಮೆತ್ತಣ್ಣ ಚಪ್ಪಲಿ ಬಿಟ್ಟು, ತೋಳು ಮಡಚಿ, ಆ ತುದಿಯಲ್ಲಿ ಸಿಸ್ಟರ್ ಈ ತುದಿಯಲ್ಲಿ ತಾವು ನಿಂತು ಹಿಂಡತೊಡಗಿದರು. ಬಕೆಟ್ ಖಾಲಿಯಾಗುವವರೆಗೆ ಹಿಂಡಿದರು. ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟದ ಕೆಲಸ ಎನ್ನುವುದು ನನಗೆ ಆ ಹೊತ್ತು ಗೊತ್ತಾಯಿತು.

ವಾಪಸು ಬಂದಾಗ ಮೇಡಂ ಕೇಳಿದರು: “ಹೇಳಿದ್ರಾ?”

“ಹೇಳಿದೆ.”

“ಆಮೇಲೆ?”

“ಬೆಡ್‌ಶೀಟ್ ಹಿಂಡಿದೆ.”

“ಆಮೇಲೆ?”

ಮೆತ್ತಣ್ಣ ಒದ್ದೆ ಪ್ಯಾಂಟಿನಲ್ಲೇ ನಿಂತಿದ್ದರು. ಮೇಜಿನ ಮೇಲಿದ್ದ ಫೈಲು ಮತ್ತೆ ತೆರೆದು, “ಈಜುಕೊಳದ ಟೈಲ್ಸ್ ಮುಂದಿನ ವರ್ಷಕ್ಕೆ ತಳ್ಳಿದ್ರೆ ಆ ದುಡ್ಡಲ್ಲಿ ಯಂತ್ರ ಬರುತ್ತೆ” ಎಂದರು. ಮತ್ತೆ ತಾವೇ, “ಈಜುಕೊಳದ ವಾರ್ಡಿನ ಸದಸ್ಯರು ಬಿಡಲ್ಲ. ನೀವು ಹೇಳಿದ್ರೆ ಕೇಳಬಹುದು” ಎಂದರು.

“ನಾನು ಹೇಳಿದ್ರೆ ನನ್ನ ಮಾತು ಅಂತಾರೆ. ನಾನು ಹೋದ ದಿನ ಮಾತೂ ನನ್ನ ಜೊತೆ ಮನೆಗೆ ಬರುತ್ತೆ. ನೀವು ಹೇಳಿ, ನಾನು ಹಿಂದಿನ ಸಾಲಲ್ಲಿ ಕೂತಿರ್ತೀನಿ” ಎಂದರು ಮೇಡಂ.

ಅಭ್ಯಾಸಕ್ಕೆ ಅವರು ಆರಿಸಿದ ಸ್ಥಳ ಯಜಮಾನರ ಹೊಲಿಗೆ ಅಂಗಡಿ. ಕಚೇರಿ ಬಿಟ್ಟ ಮೇಲೆ ಮೆತ್ತಣ್ಣ ಅಲ್ಲಿಗೆ ಹೋಗಿ, ಮೆಷಿನ್ನುಗಳು ಓಡುತ್ತಿರುವಾಗಲೇ ಬಜೆಟ್ ಹೇಳಬೇಕು, ಎಲ್ಲರಿಗೂ ಕೇಳಿಸಬೇಕು ಎಂದು ಏರ್ಪಾಟು. ಮೆತ್ತಣ್ಣ ಕೂಗಲು ನೋಡಿದರು, ಕೆಮ್ಮು ಬಂತು. ಮತ್ತೆ ನೋಡಿದರು, ಗಂಟಲು ಕಟ್ಟಿತು. ನಾಲ್ಕಾರು ಸಂಜೆ ಹೀಗೇ ಆಯಿತು. ಒಂದು ದಿನ ಯಜಮಾನರಿಗೇ ತಡೆಯಲಾಗಲಿಲ್ಲ. “ಅಲ್ಲ ಸ್ವಾಮಿ, ಇಷ್ಟು ದಿನದಿಂದ ಒದ್ದಾಡ್ತಿದೀರ, ಮೆಷಿನ್ ನಿಲ್ಲಿಸ್ರಪ್ಪ ಅಂತ ಒಂದು ಮಾತು ಯಾಕೆ ಹೇಳಲಿಲ್ಲ? ಹೇಳಿದ್ರೆ ನಿಲ್ಲಿಸ್ತಿದ್ವಲ್ಲ” ಎಂದರು. ಕತ್ತರಿಸಿದ ಬಟ್ಟೆ ತುಂಡುಗಳ ನಡುವೆ ಕೂತಿದ್ದ ಮೇಡಂ ತಲೆ ಎತ್ತಿ ನೋಡಿದರು. ಅವರೂ ಇದನ್ನು ಯೋಚಿಸಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅಲ್ಲಿಯತನಕ ಅವರು ಮೆತ್ತಣ್ಣನವರನ್ನು ತಮ್ಮ ಹಾಗೆ ಮಾಡಲು ನೋಡುತ್ತಿದ್ದರು. ಮರುದಿನದಿಂದ ಅಭ್ಯಾಸ ನಿಲ್ಲಿಸಿಬಿಟ್ಟರು. “ನಿಮ್ಮ ದನಿ ನಿಮಗಿರಲಿ. ನನ್ನದು ಕೊಡೋಕೆ ಹೋಗಿದ್ದು ನನ್ನ ದಡ್ಡತನ” ಎಂದರು. ದೊಡ್ಡವರು ಚಿಕ್ಕವರ ಮುಂದೆ ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಕಡಿಮೆ.

ಬಜೆಟ್ ಸಭೆಯ ದಿನ ಸೆಖೆ ವಿಪರೀತ. ಸಭಾಂಗಣದ ಹಳೆಯ ಫ್ಯಾನುಗಳು ಗಡಗಡ ಎನ್ನುತ್ತಿದ್ದವು, ಮೈಕು ಎಂದಿನಂತೆ ಅರ್ಧ ಜೀವದಲ್ಲಿತ್ತು. ಆಯುಕ್ತರು ಮುಂದೆ, ನಾನು ಮತ್ತು ಮೇಡಂ ಕೊನೆಯ ಸಾಲಿನಲ್ಲಿ. ಮೆತ್ತಣ್ಣ ಎದ್ದು ಆರಂಭಿಸಿದರು. ಎರಡು ಮಾತು ಆಗುವಷ್ಟರಲ್ಲಿ ಈಜುಕೊಳದ ವಾರ್ಡಿನ ಸದಸ್ಯರು, “ಸ್ವಾಮಿ, ಲೆಕ್ಕ ಹೇಳ್ತಿದೀರಾ, ಗುಟ್ಟು ಹೇಳ್ತಿದೀರಾ?” ಎಂದರು. ಸಭೆ ನಕ್ಕಿತು. ಆಯುಕ್ತರು ತಲೆ ತಗ್ಗಿಸಿ ಕಾಗದದ ಮೇಲೆ ಏನೋ ಗೀಚಿದರು. ಆ ಭಾಷಣ ನನಗೆ ಬಾಯಿಪಾಠ, ಎದ್ದು ಗಡಗಡ ಒಪ್ಪಿಸಿಬಿಡಬಹುದಿತ್ತು, ಮುಕ್ಕಾಲು ಎದ್ದೂ ಬಿಟ್ಟಿದ್ದೆ. ಮೇಡಂ ನನ್ನ ದುಪಟ್ಟಾದ ತುದಿ ಹಿಡಿದು ಕೆಳಕ್ಕೆ ಎಳೆದರು. “ಕೂತ್ಕೋ. ಅವರ ಸಭೆ ಅದು” ಎಂದು ಕಿವಿಯಲ್ಲಿ ಹೇಳಿದರು. ನಾನು ಕೂತ ಮೇಲೂ ಅವರು ದುಪಟ್ಟಾದ ತುದಿ ಬಿಡಲಿಲ್ಲ, ಮುಷ್ಟಿಗೆ ಸುತ್ತಿಕೊಂಡೇ ಕೂತರು. ಎದ್ದು ಹೋಗಿ ಮಾತಾಡಲು ನನಗಿಂತ ಅವರಿಗೇ ಹೆಚ್ಚು ಮನಸ್ಸಿತ್ತು.

ಮೆತ್ತಣ್ಣ ಕಾಗದ ಕೆಳಗಿಟ್ಟರು. ಅಟೆಂಡರ್ ಅಕ್ಕನ ಕಡೆ ತಿರುಗಿ, “ಅಕ್ಕ, ಫ್ಯಾನ್ ಎಲ್ಲ ಆಫ್ ಮಾಡಿ” ಎಂದರು. ಅಕ್ಕ ಆಯುಕ್ತರ ಮುಖ ನೋಡಿದರು. ಮೆತ್ತಣ್ಣ ಮತ್ತೆ, “ನಾನು ಹೇಳ್ತಿದೀನಿ, ಆಫ್ ಮಾಡಿ” ಎಂದರು, ಅಷ್ಟೇ ಮೆತ್ತಗೆ. ಫ್ಯಾನುಗಳು ಒಂದೊಂದಾಗಿ ನಿಂತವು. ಆ ಹಳೆಯ ಸಭಾಂಗಣ ಅಷ್ಟು ನಿಶ್ಶಬ್ದವಾದದ್ದನ್ನು ಬಹುಶಃ ಯಾರೂ ಕೇಳಿರಲಿಲ್ಲ. ಸೀರೆಯ ಸೆರಗು, ಟವೆಲ್ಲು, ಬಜೆಟ್ ಪ್ರತಿ, ಕೈಗೆ ಸಿಕ್ಕಿದ್ದರಿಂದ ಎಲ್ಲರೂ ಗಾಳಿ ಹಾಕಿಕೊಳ್ಳತೊಡಗಿದರು.

“ಬೇಗ ಮುಗಿಸ್ರೀ, ಬೇಯ್ತಿದೀವಿ” ಎಂದಿತು ಒಂದು ದನಿ.

“ಮುಗಿಸ್ತೀನಿ. ಈ ವರ್ಷ ಈಜುಕೊಳದ ಟೈಲ್ಸಿಗೆ ಇಲ್ಲ. ಅದು ಆಸ್ಪತ್ರೆಯ ಬಟ್ಟೆ ಯಂತ್ರಕ್ಕೆ ಹೋಗ್ಬೇಕು. ಅಲ್ಲಿ ಹಸಿ ಬಾಣಂತಿಯರ ಮನೆಯೋರು ನಲ್ಲಿ ಕೆಳಗೆ ಕೂತು ಶೀಟ್ ಒಗೀತಿದಾರೆ. ನಾನೂ ಹಿಂಡಿ ಬಂದೆ.”

ಈಜುಕೊಳದ ಸದಸ್ಯರು ಎದ್ದರು. “ನಮ್ಮ ವಾರ್ಡಿನೋರಿಗೆ ಮಾತು ಕೊಟ್ಟಿದೀನಿ. ಅವರ ಹತ್ರ ಇಲ್ಲ ಅಂತ ಯಾರು ಹೇಳ್ತಾರೆ?”

“ನಾನು ಬಂದು ಹೇಳ್ತೀನಿ. ಕೊಳದ ಹತ್ರಾನೇ ನಿಂತು ಹೇಳ್ತೀನಿ. ನೀವು ಪಕ್ಕದಲ್ಲಿ ನಿಂತಿರಿ ಸಾಕು. ಬೈಗುಳ ನನಗೆ, ಮುಂದಿನ ವರ್ಷ ಟೈಲ್ಸ್ ಹಾಕಿಸಿದ ಹೆಸರು ನಿಮಗೆ.”

“ತಳ್ಳಿಬಿಟ್ರೆ? ಈಜು ಬರುತ್ತಾ?”

“ಬರಲ್ಲ.”

ಮತ್ತೆ ಸಭೆ ನಕ್ಕಿತು, ಆದರೆ ಈ ನಗು ಬೇರೆ ಜಾತಿಯದು. ಕೆಲವರು ವಿರೋಧಿಸಿದರು, ಹೆಚ್ಚಿನವರು ಕೈ ಎತ್ತಿದರು, ಈಜುಕೊಳದ ಸದಸ್ಯರು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎನ್ನುವ ಹಾಗೆ ಅರ್ಧ ಕೈ ಎತ್ತಿದರು. ಅಧ್ಯಕ್ಷರು ಅದನ್ನು ಪೂರ್ತಿ ಎಂದೇ ಎಣಿಸಿದರು. ಆಯುಕ್ತರು ಹೊಗಳಲಿಲ್ಲ. “ಈಗ್ಲಾದ್ರೂ ಫ್ಯಾನ್ ಹಾಕಿಸ್ತೀರಾ?” ಎಂದು ಮೆತ್ತಣ್ಣನವರನ್ನೇ ಕೇಳಿದರು. ಅಟೆಂಡರ್ ಅಕ್ಕನನ್ನು ಕೇಳಲಿಲ್ಲ ಎನ್ನುವುದನ್ನು ನಾವೆಲ್ಲ ಗಮನಿಸಿದೆವು. ಮೇಲಕ್ಕೆ ಬರೆದ ಪತ್ರ ಹೋಗಲಿಲ್ಲ. ಪೂರ್ಣ ನೇಮಕವೂ ಆಗಲಿಲ್ಲ. ‘ಸದ್ಯಕ್ಕೆ ಪ್ರಭಾರ’ ಎಂದು ಆದೇಶ ಬಂತು. ಮೆತ್ತಣ್ಣ ಹೇಳಿದ ಹಾಗೆ ಈಜುಕೊಳಕ್ಕೂ ಹೋಗಿ ಬಂದರು. ಯಾರೂ ತಳ್ಳಲಿಲ್ಲ. ಬೈದರಂತೆ, ಚೆನ್ನಾಗಿಯೇ ಬೈದರಂತೆ.

ಸಭೆಯ ನಂತರ ಮೇಡಂ ಅವರಿಗೆ ಅಭಿನಂದನೆ ಹೇಳಲು ಹೋದವರಿಗೆಲ್ಲ ಅವರು, “ನಾನೇನು ಮಾಡಿದೆ, ಹಿಂದೆ ಕೂತಿದ್ದೆ” ಎಂದರು. ವಿನಯದ ಮಾತೆಂದು ಎಲ್ಲರೂ ನಕ್ಕರು. ನನಗೆ ಮಾತ್ರ ಗೊತ್ತು, ಆ ದಿನ ಆ ಸಭಾಂಗಣದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ ಆಗಿತ್ತು. ನಾಯಕತ್ವದ ತರಬೇತಿ ಎಂದು ಈಗ ಎಲ್ಲೆಡೆ ಶಿಬಿರಗಳು ನಡೆಯುತ್ತವೆ, ನಾನೂ ಹೋಗಿದ್ದೇನೆ, ಕಾಫಿ ಚೆನ್ನಾಗಿರುತ್ತದೆ. ಎದ್ದು ನಿಲ್ಲುವುದನ್ನು ಅಲ್ಲಿ ಹೇಳಿಕೊಡುತ್ತಾರೆ. ತಾನು ಎದ್ದರೆ ಕೆಲಸ ಸಲೀಸು ಎಂದು ಗೊತ್ತಿದ್ದೂ ಕೂತಿರುವುದನ್ನು ಹೇಳಿಕೊಟ್ಟವರು ನನಗೆ ಇವರೊಬ್ಬರೇ.

ಈಗ ಲೇಖನ ತಡವಾದ ಲಾಭದ ವಿಷಯ. ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ, ನಿವೃತ್ತಿಯ ನಂತರದ ಮೊದಲ ಸೋಮವಾರ ಇದರಲ್ಲಿ ಸೇರುತ್ತಿರಲಿಲ್ಲ. ಆ ದಿನ ಬೆಳಗ್ಗೆಯಿಂದ ನಮಗೆ ಮೈಯೆಲ್ಲ ಕಣ್ಣು. ಸಂಬಳದ ಬಿಲ್ಲು, ಗುತ್ತಿಗೆದಾರರ ತಕರಾರು, ನೀರಿನ ಪಂಪಿನ ತುರ್ತು ರಿಪೇರಿ, ಎಲ್ಲ ಒಂದೇ ದಿನ ಬಂದವು. ಮೆತ್ತಣ್ಣ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಮಾತಾಡಿದರು, ನಾವು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೇಳಿದೆವು, ಜಗಳವೂ ಆಡಿದೆವು. ಸಂಜೆಯ ಹೊತ್ತಿಗೆ ಮೂರೂ ಒಂದು ದಡ ಮುಟ್ಟಿದ್ದವು. ಆಗ ಫೋನ್ ಬಂತು, ಮೇಡಂ. ಮೆತ್ತಣ್ಣ ಸ್ಪೀಕರಿಗೆ ಹಾಕಿದರು.

“ಏನ್ರೀ, ಬೆಳಗ್ಗೆಯಿಂದ ಫೋನ್ ಪಕ್ಕದಲ್ಲೇ ಇಟ್ಕೊಂಡು ಕೂತಿದೀನಿ. ಒಬ್ರೂ ಮಾಡಲಿಲ್ಲ. ಎಲ್ಲ ಸರಿಯಿದ್ಯಾ?”

ಮೆತ್ತಣ್ಣ ನಮ್ಮ ಮುಖ ನೋಡಿದರು. ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ.

“ಬೇಕಾಗಲಿಲ್ಲ ಮೇಡಂ.”

ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ದೂರದಲ್ಲಿ ಒಮ್ಮೆ ಓಡಿ ನಿಂತಿತು. ನಾನು ಏನಾದರೂ ಹೇಳಿ ಸಮಾಧಾನ ಮಾಡಬೇಕೆಂದು ಬಾಯಿ ತೆರೆದವಳು, ಮುಚ್ಚಿಕೊಂಡೆ. ಆಮೇಲೆ ಅವರು ನಕ್ಕರು, ಮೂಗು ಒರೆಸಿಕೊಂಡ ಹಾಗೂ ಕೇಳಿಸಿತು.

“ಸದ್ಯ” ಎಂದರು. “ಇಷ್ಟು ವರ್ಷದ ಸಂಬಳ ಇವತ್ತು ಜೀರ್ಣವಾಯ್ತು ನೋಡಿ.”

ಮೇಡಂ, ನೀವು ಆರೋಗ್ಯವಾಗಿ ಬಹುಕಾಲ ಬಾಳಬೇಕು. ಪಕ್ಕದ ಊರುಗಳ ಲೆಕ್ಕದವರು ನಿಮ್ಮನ್ನು ಪಾಠಕ್ಕೆ ಕರೆಯುತ್ತಿದ್ದಾರಂತೆ, ಹೋಗಬೇಕು, ಅಲ್ಲಿಯೂ ಒಂದು ಸ್ಟೂಲು ಹುಡುಕಿಕೊಂಡು ಕೂರಬೇಕು. ಮಧ್ಯೆ ಯಾವಾಗಲಾದರೂ ನಮ್ಮ ಫೋನು ಬಂದರೆ ಗಾಬರಿಯಾಗಬೇಡಿ. ಇಷ್ಟು ದಿನ ನಿಮ್ಮನ್ನು ಕೆಲಸಕ್ಕೆ ಬೇಕಾಗಿ ಕರೆಯುತ್ತಿದ್ದೆವು. ಇನ್ನು ಮೇಲೆ ನೀವು ಬೇಕೆನಿಸಿ ಕರೆಯುತ್ತೇವೆ.